ಪ್ಲಗ್ಗಿನ ಮೂರನೆಯ ಪಿನ್ನು

ನಮ್ಮ ಮನೆಗಳ ಪ್ಲಗ್ಗಿನಲ್ಲಿ ಒಂದು ಪಿನ್ನು ಮಾತ್ರ ದಪ್ಪವಾಗಿಯೂ ಉದ್ದವಾಗಿಯೂ ಇರುವುದನ್ನು ಶ್ರೋತೃಗಳು ಗಮನಿಸಿರಬಹುದು. ಅದು ಭೂಸಂಪರ್ಕದ ಪಿನ್ನು. ಉದ್ದವಾದುದರಿಂದ ಎಲ್ಲಕ್ಕಿಂತ ಮೊದಲು ಕೂಡುತ್ತದೆ, ಕಡೆಯಲ್ಲಿ ಬಿಡುತ್ತದೆ. ಇಸ್ತ್ರಿಪೆಟ್ಟಿಗೆಯ ಲೋಹಕ್ಕೆ ವಿದ್ಯುತ್ತು ಸೋರಿದರೆ ಅದನ್ನು ನೆಲಕ್ಕೆ ಹರಿಸಿ ಫ್ಯೂಸನ್ನು ಕರಗಿಸುತ್ತದೆ.

ಬ್ರಿಟನ್ನಿನಲ್ಲಿ 1947ರಲ್ಲಿ ಗೊತ್ತುಮಾಡಿದ ಚಪ್ಪಟೆ ಪಿನ್ನುಗಳ ಪ್ಲಗ್ಗಿನಲ್ಲಿ ಇದಕ್ಕೆ ಇನ್ನೊಂದು ಕೆಲಸವೂ ಉಂಟು: ಸಾಮಾನ್ಯವಾಗಿ ಇದು ಒಳಹೊಕ್ಕರೇನೆ ಉಳಿದೆರಡು ರಂಧ್ರಗಳ ಮುಚ್ಚಳ ಸರಿಯುವುದು. ಫ್ಯೂಸೂ ಆ ಪ್ಲಗ್ಗಿನೊಳಗೇ ಇದೆ. ಜರ್ಮನಿಯ ಶೂಕೋ ಪ್ಲಗ್ಗಿಗೆ ಮೂರನೆಯ ಪಿನ್ನೇ ಇಲ್ಲ. ಪಕ್ಕದ ಲೋಹಪಟ್ಟಿಗಳು ಆ ಕೆಲಸ ಮಾಡುತ್ತವೆ. ನಮ್ಮ ದುಂಡುಪಿನ್ನು ಬ್ರಿಟನ್ನಿನ ಹಳೆಯ ಮಾದರಿಯದು. ಅವರು ಮನೆಗಳಲ್ಲಿ ಅದನ್ನು ಕೈಬಿಟ್ಟರು, ನಾವು ಉಳಿಸಿಕೊಂಡೆವು.

ಉಳಿಸಿಕೊಂಡೂ, ಎರಡು ರಂಧ್ರಗಳ ಸಾಕೆಟ್ಟಿಗೆ ಹೊಂದಲೆಂದು ಆ ಉದ್ದಪಿನ್ನನ್ನೇ ಕಿತ್ತುಹಾಕುವವರನ್ನು ನಾವು ಕಂಡಿದ್ದೇವೆ. ಇಸ್ತ್ರಿಪೆಟ್ಟಿಗೆ ಹಿಂದಿನಂತೆಯೇ ಕಾಯುತ್ತದೆ, ದಿಟ. ಆದರೆ ವಿದ್ಯುತ್ತು ಸೋರಿದ ದಿನ ಅದಕ್ಕೆ ನೆಲದ ದಾರಿ, ಮುಟ್ಟಿದವರ ಮೈಯೇ.