ಗೋಡೆಯ ಬೆನ್ನಿನ ಜಲ್ಲಿ

ಕಲ್ಲಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲವೆಂಬ ಹೆಮ್ಮೆ ಬಹುಕಾಲ ನನ್ನಲ್ಲಿತ್ತು. ಬೇಲೂರಿನ ಬಳಪದ ಕಲ್ಲಿನ ಮುಂದೆ ಗಂಟೆಗಟ್ಟಲೆ ನಿಂತವನು, ಹಂಪೆಯ ಬಂಡೆಗಳ ನಡುವೆ ಬಿಸಿಲಿನ ಪರಿವೆಯಿಲ್ಲದೆ ಅಲೆದವನು, ಮೂವತ್ತು ವರ್ಷ ತರಗತಿಯಲ್ಲಿ ಶಿಲ್ಪಕಲೆಯನ್ನು ಕುರಿತು ನಿರರ್ಗಳವಾಗಿ ಮಾತನಾಡಿದವನು ನಾನು. ಆದರೆ ಒಂದು ಹಿಡಿ ಜಲ್ಲಿಯನ್ನು ಅಂಗೈಯಲ್ಲಿಟ್ಟುಕೊಂಡು, ಇದು ಯಾವ ಕೆಲಸಕ್ಕೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲದು ಎಂದು ನೋಡುವ ವಿವೇಕ ನನಗೆ ಬಂದುದು 2019ರ ಆಗಸ್ಟ್ ತಿಂಗಳಲ್ಲಿ, ನನ್ನ ಮನೆಯ ಹಿಂದಿನ ಗೋಡೆ ಕುಸಿದುಬಿದ್ದ ಮೇಲೆ.

ನಮ್ಮ ಮನೆ ತೀರ್ಥಹಳ್ಳಿಯ ಕಡೆಯದು. ಮಲೆನಾಡಿನ ಅನೇಕ ಮನೆಗಳಂತೆ ಅದೂ ಗುಡ್ಡದ ಓರೆಯನ್ನು ಕಡಿದು ಮಾಡಿದ ತಟ್ಟಿನ ಮೇಲೆ ಕುಳಿತಿದೆ. ಹಿತ್ತಿಲಿನಲ್ಲಿ ಹತ್ತಡಿ ಎತ್ತರದ ಧರೆ. ಧರೆಯ ಮೇಲೆ ಸೊಪ್ಪಿನಬೆಟ್ಟ. ಆ ಧರೆಗೆ ನನ್ನ ತಂದೆ ಕಾಡುಗಲ್ಲಿನ ಪಾಗಾರವೊಂದನ್ನು ಕಟ್ಟಿಸಿದ್ದರು. ಸುಣ್ಣವಿಲ್ಲ, ಗಾರೆಯಿಲ್ಲ, ಕಲ್ಲಿನ ಮೇಲೆ ಕಲ್ಲು ಕೂಡಿಸಿ, ಸಂದುಗಳಿಗೆ ಚಕ್ಕೆ ಬಡಿದು, ಬೆನ್ನಿಗೆ ಒಡೆದ ಕಲ್ಲಿನ ಚೂರು ಸುರಿದ ಗೋಡೆ. ಮಳೆಗಾಲದ ನಾಲ್ಕು ತಿಂಗಳೂ ಅದು ಒಸರುತ್ತಿತ್ತು. ಹಾವಸೆ ಹಿಡಿದು, ಜರಿಗಿಡ ಬೆಳೆದು, ನೋಟಕ್ಕೆ ಒಂದಿಷ್ಟೂ ಅಂದವಿರಲಿಲ್ಲ. ನಿವೃತ್ತನಾಗಿ ಊರಿಗೆ ಬಂದ ನನಗೆ ಅದರ ವಕ್ರತೆ ಸಹಿಸಲಿಲ್ಲ. ಕೀಳಿಸಿದೆ. ಅದರ ಜಾಗದಲ್ಲಿ ನಲವತ್ತು ಅಡಿ ಉದ್ದದ, ಸಿಮೆಂಟಿನ, ದಾರ ಹಿಡಿದಂತೆ ನೆಟ್ಟಗಿರುವ ಗೋಡೆಯನ್ನು ಎಬ್ಬಿಸಿದೆ. ನೋಡಿದವರೆಲ್ಲ ಹೊಗಳಿದರು.

ಗೋಡೆಗೂ ಧರೆಗೂ ನಡುವೆ ಉಳಿದ ಎರಡಡಿ ಸಂದನ್ನು ತುಂಬಬೇಕಾಗಿತ್ತು. ಕೆಲಸ ಹಿಡಿದಾತ ಜಲ್ಲಿ ತರಿಸೋಣವೇ ಎಂದು ಕೇಳಿದ, ಬೆಲೆಯನ್ನೂ ಹೇಳಿದ. ಪಕ್ಕದಲ್ಲೇ ರಸ್ತೆಯ ಕೆಲಸಕ್ಕೆಂದು ತಂದು ಉಳಿದಿದ್ದ, ಪುಡಿಯೂ ಚೂರೂ ಬೆರೆತ ಕ್ರಷರಿನ ಮಾಲು ಅರ್ಧ ಬೆಲೆಗೆ ಸಿಕ್ಕುತ್ತಿತ್ತು. ಅದೂ ಕಲ್ಲೇ ತಾನೇ ಎಂದೆ. ಈ ಒಂದು ವಾಕ್ಯಕ್ಕೆ ನಾನು ತೆತ್ತ ದಂಡ ಸಣ್ಣದಲ್ಲ. ತಪ್ಪು ಅವನದಲ್ಲ, ನನ್ನದು, ಅವನು ಕೇಳಿದ್ದ.

ಗೋಡೆಯಲ್ಲಿ ನೀರು ಬಸಿಯಲೆಂದು ಆರು ಕೊಳವೆಗಳನ್ನೇನೋ ಇಟ್ಟಿದ್ದೆವು. ಜುಲೈ ತಿಂಗಳ ಮಳೆಯಲ್ಲಿ ಅವುಗಳ ಬಾಯಿಂದ ಒಂದು ಹನಿಯೂ ಬರಲಿಲ್ಲ. ಗೋಡೆ ಎಷ್ಟು ಭದ್ರವಾಗಿದೆಯೆಂದರೆ ನೀರೇ ಒಳಗೆ ಇಳಿದಿಲ್ಲ ಎಂದು ನಾನು ಸಂತೋಷಪಟ್ಟೆ. ಎಂಬತ್ತು ದಾಟಿದ ನನ್ನ ತಾಯಿ ಮಾತ್ರ ಒಂದು ಸಂಜೆ ಹಿತ್ತಿಲ ಬಾಗಿಲಲ್ಲಿ ನಿಂತು, “ಹಳೇ ಪಾಗಾರ ಮಳೆಗಾಲವಿಡೀ ಒದ್ದೆಯಾಗಿರ್ತಿತ್ತಲ್ಲ, ಇದು ಯಾಕೆ ಹೀಗೆ ಒಣಗಿಕೊಂಡಿದೆ?” ಎಂದು ಕೇಳಿದರು. ನಾನು ನಕ್ಕೆ. ಆಶ್ಲೇಷಾ ಮಳೆಯ ಒಂದು ರಾತ್ರಿ, ಬೆಳಗಿನ ಜಾವ ಮೂರೂವರೆಯ ಸುಮಾರಿಗೆ, ಗೋಡೆಯ ನಡುಭಾಗ ಮುಂದಕ್ಕೆ ಬಾಗಿ ಬಚ್ಚಲುಮನೆಯ ಮೇಲೆ ಬಿತ್ತು. ನನ್ನ ತಾಯಿ ದಿನವೂ ನೀರೊಲೆಗೆ ಉರಿ ಹಾಕಲು ಅಲ್ಲಿಗೆ ಹೋಗುತ್ತಿದ್ದುದು ಐದು ಗಂಟೆಗೆ.

ಆ ಒಂದೂವರೆ ಗಂಟೆಯ ಅಂತರವನ್ನು ನೆನೆದು ನಾನು ಅನೇಕ ರಾತ್ರಿ ನಿದ್ರೆಗೆಟ್ಟಿದ್ದೇನೆ. ನಿದ್ರೆ ಬಾರದವನು ಓದುತ್ತಾನೆ. ಹೀಗೆ ಸಾಹಿತ್ಯದ ಮೇಷ್ಟರೊಬ್ಬರು ಮಣ್ಣು, ನೀರು, ಜಲ್ಲಿಗಳ ಶಾಸ್ತ್ರಕ್ಕೆ ಬಿದ್ದರು.

ಮೊದಲು ತಿಳಿದದ್ದು ನೀರಿನ ಭಾರ. ಹತ್ತಡಿ ಎತ್ತರದ ಗೋಡೆಯ ಬೆನ್ನಿಗೆ ನೀರು ತುಂಬಿ ನಿಂತರೆ ಗೋಡೆಯ ಪ್ರತಿಯೊಂದು ಅಡಿ ಉದ್ದದ ಮೇಲೂ ಅದು ಸುಮಾರು 1,400 ಕಿಲೋಗ್ರಾಂ ಬಲದಿಂದ ನೂಕುತ್ತದೆ. ನನ್ನ ನಲವತ್ತು ಅಡಿಗೆ ಲೆಕ್ಕ ಹಾಕಿದರೆ 56 ಟನ್ನು! ಮಣ್ಣಿನ ಒತ್ತಡ ಇದರ ಜೊತೆಗೆ ಬೇರೆ. ನೀರಿನ ಎತ್ತರ ಅರ್ಧಕ್ಕೆ ಇಳಿದರೆ ಅದರ ನೂಕು ಕಾಲುಪಾಲಿಗೆ ಇಳಿಯುತ್ತದೆ. ನೀರೇ ನಿಲ್ಲದಿದ್ದರೆ ಸೊನ್ನೆ. ಗೋಡೆಯನ್ನು ದಪ್ಪ ಮಾಡುವುದಕ್ಕಿಂತ ಅದರ ಬೆನ್ನಿನ ನೀರನ್ನು ಕಳುಹಿಸಿಕೊಡುವುದು ಎಷ್ಟೋ ಅಗ್ಗದ ಉಪಾಯ. ಅಪ್ಪನ ಪಾಗಾರ ಒಸರುತ್ತಿದ್ದುದರಿಂದಲೇ ನಿಂತಿತ್ತು. ಅದರ ದೋಷವೆಂದು ನಾನು ಎಣಿಸಿದ್ದೇ ಅದರ ಪ್ರಾಣವಾಗಿತ್ತು.

ಹಾಗಾದರೆ ಕಲ್ಲಿನಲ್ಲಿ ನಾವು ಆರಿಸುವುದು ಏನನ್ನು? ಗಟ್ಟಿತನವನ್ನೇ? ಬಣ್ಣವನ್ನೇ? ನೀರು ಬಸಿಯುವ ಕೆಲಸದಲ್ಲಿ ನಾವು ಹಣ ಕೊಟ್ಟು ಕೊಳ್ಳುವುದು ನಿಜವಾಗಿ ಕಲ್ಲನ್ನಲ್ಲ, ಕಲ್ಲು ಕಲ್ಲುಗಳ ನಡುವಣ ಬಯಲನ್ನು. ಒಂದೇ ಗಾತ್ರದ ಜಲ್ಲಿಯನ್ನು ಒಂದು ಬುಟ್ಟಿಯಲ್ಲಿ ತುಂಬಿದರೆ ಬುಟ್ಟಿಯ ಸುಮಾರು ನೂರಕ್ಕೆ ನಲವತ್ತು ಪಾಲು ಖಾಲಿಯೇ ಇರುತ್ತದೆ. ಆ ಖಾಲಿಯಲ್ಲಿ ನೀರು ನಡೆಯುತ್ತದೆ. ಅದೇ ಬುಟ್ಟಿಗೆ ಸಣ್ಣ ಚೂರು ಸುರಿಯಿರಿ, ಅವು ದೊಡ್ಡ ಸಂದುಗಳಲ್ಲಿ ಅಡಗುತ್ತವೆ. ಪುಡಿ ಸುರಿಯಿರಿ, ಅದು ಸಣ್ಣ ಸಂದುಗಳನ್ನೂ ಮುಚ್ಚುತ್ತದೆ. ರಸ್ತೆಯ ತಳಕ್ಕೆ ಇಂಥ ಮಿಶ್ರಣವೇ ಬೇಕು. ಧಮ್ಮಸು ಹಾಕಿದರೆ ಗಚ್ಚಿನಂತೆ ಕೂಡಿಕೊಳ್ಳುತ್ತದೆ. ಗೋಡೆಯ ಬೆನ್ನಿಗೆ ಅದೇ ಕೂಡಿಕೆ ಕೇಡು. ನಾನು ಅರ್ಧ ಬೆಲೆಗೆ ಕೊಂಡದ್ದು ರಸ್ತೆಯ ಗುಣವನ್ನು.

ಮರಳಿನ ಮೂಲಕ ನೀರು ನಡೆಯುವ ಕ್ರಮವನ್ನು ಅಳೆದು ಅದಕ್ಕೊಂದು ಸೂತ್ರ ಕೊಟ್ಟಾತ ಫ್ರಾನ್ಸಿನ ಡಿಜಾನ್ ಪಟ್ಟಣದ ಎಂಜಿನಿಯರ್ ಹೆನ್ರಿ ಡಾರ್ಸಿ. ತನ್ನ ಊರಿನ ಕಾರಂಜಿಗಳನ್ನು ಕುರಿತು 1856ರಲ್ಲಿ ಅವನು ಪ್ರಕಟಿಸಿದ ಗ್ರಂಥದ ಅನುಬಂಧದಲ್ಲಿ ಆ ಸೂತ್ರವಿದೆ. ಅನಂತರ ಅಮೆರಿಕದ ಅಲೆನ್ ಹೇಜನ್ ಮರಳಿನ ಶೋಧಕಗಳನ್ನು ಅಭ್ಯಸಿಸಿ ಇನ್ನೊಂದು ಮಾತು ಹೇಳಿದ: ರಾಶಿಯಲ್ಲಿ ನೀರಿನ ನಡೆಯನ್ನು ನಿರ್ಣಯಿಸುವುದು ದೊಡ್ಡ ಕಣಗಳಲ್ಲ, ಅತಿ ಸಣ್ಣದಾದ ಹತ್ತನೆಯ ಒಂದು ಪಾಲು, ಆ ಸಣ್ಣ ಕಣದ ಗಾತ್ರ ಹತ್ತು ಪಟ್ಟು ಕುಗ್ಗಿದರೆ ನೀರಿನ ದಾರಿ ಸುಮಾರು ನೂರು ಪಟ್ಟು ಕುಗ್ಗುತ್ತದೆ. ಲಾರಿ ತುಂಬ ಒಳ್ಳೆಯ ಜಲ್ಲಿ ಬಂದರೂ ಅದರ ಮೈಗೆ ಮೆತ್ತಿದ ಪುಡಿಯೇ ಗೋಡೆಯ ಹಣೆಬರಹವನ್ನು ಬರೆಯುತ್ತದೆಂದಾಯಿತು. ಈಗ ನಾನು ಜಲ್ಲಿಯನ್ನು ಪರೀಕ್ಷಿಸುವ ಕ್ರಮ ಬಹಳ ಸರಳ. ಗಾಜಿನ ಭರಣಿಯಲ್ಲಿ ಎರಡು ಹಿಡಿ ಹಾಕಿ, ನೀರು ತುಂಬಿ, ಕುಲುಕಿ ಇಡುತ್ತೇನೆ. ನೀರು ಮಜ್ಜಿಗೆಯಂತಾದರೆ ಆ ರಾಶಿಯನ್ನು ತೊಳೆಯದೆ ಮುಟ್ಟುವುದಿಲ್ಲ. ಲಾರಿಯವರು ನನ್ನ ಭರಣಿಯನ್ನು ನೋಡಿ ನಗುತ್ತಾರೆ, ನಗಲಿ.

ದೊಡ್ಡ ಕಲ್ಲಾದಷ್ಟೂ ದೊಡ್ಡ ಬಯಲು, ಆದ್ದರಿಂದ 40 ಮಿಲ್ಲಿಮೀಟರಿನ ದಪ್ಪ ಜಲ್ಲಿಯನ್ನೇ ತುಂಬಿಬಿಡೋಣವೆಂದು ಓದುಗರಿಗೆ ತೋರಬಹುದು, ನನಗೂ ತೋರಿತ್ತು. ಆದರೆ ನೀರು ಒಂಟಿಯಾಗಿ ಬರುವುದಿಲ್ಲ, ಮಣ್ಣನ್ನು ಕೈಹಿಡಿದು ಕರೆತರುತ್ತದೆ. ಸಂದು ತೀರ ದೊಡ್ಡದಾದರೆ ಹಿಂದಿನ ಮಣ್ಣು ಜಲ್ಲಿಯೊಳಕ್ಕೆ ಹರಿದು, ಕಾಲಕ್ರಮದಲ್ಲಿ ಅದನ್ನು ತುಂಬಿಬಿಡುತ್ತದೆ. ಅತ್ತ ಧರೆಯೂ ಒಳಗೊಳಗೇ ಟೊಳ್ಳಾಗುತ್ತದೆ. ನೀರಿಗೆ ಬಾಗಿಲು ತೆರೆದು ಮಣ್ಣಿಗೆ ಮುಚ್ಚಬೇಕು. ಈ ಇಬ್ಬಂದಿಗೆ ಅಳತೆಯ ಉತ್ತರ ಕೊಟ್ಟವನು, ಪ್ರಾಗಿನಲ್ಲಿ 1883ರಲ್ಲಿ ಜನಿಸಿದ ಕಾರ್ಲ್ ಟೆರ್ಜಾಗಿ. ಸ್ಥೂಲವಾಗಿ ಅವನ ನಿಯಮ ಹೀಗೆ: ಶೋಧಕದ ಸಣ್ಣ ಕಣಗಳ ಗಾತ್ರ ಅದರ ಹಿಂದಿನ ಮಣ್ಣಿನ ದೊಡ್ಡ ಕಣಗಳ ನಾಲ್ಕೈದು ಪಟ್ಟಿಗಿಂತ ಹೆಚ್ಚಿರಬಾರದು. ನಮ್ಮ ನುಣುಪಾದ ಕೆಮ್ಮಣ್ಣಿಗೆ ನೇರವಾಗಿ ಜಲ್ಲಿ ಒಗ್ಗದು; ಮಣ್ಣಿಗೆ ತಾಗಿ ಮರಳು, ಮರಳಿಗೆ ತಾಗಿ ಸಣ್ಣ ಜಲ್ಲಿ, ಅದಕ್ಕೆ ತಾಗಿ 20 ಮಿಲ್ಲಿಮೀಟರಿನದು, ಹೀಗೆ ಮೆಟ್ಟಿಲು ಬೇಕು. ಹಿಂದೆ ಮನೆಗಳಲ್ಲಿ ಮಡಕೆಯ ಮೇಲೆ ಮಡಕೆ ಇಟ್ಟು ಮರಳು ಇದ್ದಿಲುಗಳಿಂದ ನೀರು ಸೋಸುತ್ತಿದ್ದುದನ್ನು ನೆನೆದರೆ ತತ್ತ್ವ ಅರ್ಥವಾಗುತ್ತದೆ. ಈಗ ಮರಳಿನ ಮೆಟ್ಟಿಲಿಗೆ ಬದಲು, ನೀರು ಬಿಟ್ಟು ಮಣ್ಣು ತಡೆಯುವ ಒಂದು ಬಗೆಯ ಕೃತಕ ಬಟ್ಟೆ ಸಿಕ್ಕುತ್ತದೆ. ನಾನು ಅದನ್ನೇ ಹಾಸಿದೆ.

ಕಲ್ಲಿನ ಜಾತಿಯ ಮಾತು ಇನ್ನೂ ಉಳಿಯಿತು. ನಮ್ಮಲ್ಲಿ ಜಂಬಿಟ್ಟಿಗೆಯ ಚೂರು ಧಾರಾಳ, ಬೆಲೆ ಅತ್ಯಲ್ಪ. ಮೈಸೂರು, ಕನ್ನಡ, ಮಲೆಯಾಳ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ತನ್ನ ಪ್ರವಾಸಕಥನದಲ್ಲಿ, ಇಟ್ಟಿಗೆಯ ಹೆಸರಿನಿಂದಲೇ ಇದಕ್ಕೆ ‘ಲ್ಯಾಟರೈಟ್’ ಎಂದು ನಾಮಕರಣ ಮಾಡಿದ. ನೆಲದಲ್ಲಿರುವಾಗ ಕೊಡಲಿಗೆ ಸಿಕ್ಕುವಷ್ಟು ಮೃದು. ಗಾಳಿಗೆ ಬಂದ ಮೇಲೆ ಗಟ್ಟಿ. ಗೋಡೆ ಕಟ್ಟಲು ಇದರಷ್ಟು ಉಪಕಾರಿ ಬೇರೊಂದಿಲ್ಲ. ಆದರೆ ಚೂರು ಮಾಡಿ ಭಾರದಡಿ ಹೂತರೆ ಅಂಚು ಉದುರಿ, ಜೇಡಿ ಬಿಟ್ಟು, ತಾನೇ ತನ್ನ ಸಂದುಗಳನ್ನು ಮುಚ್ಚಿಕೊಳ್ಳುತ್ತದೆ. ಬಯಲುಸೀಮೆಯ ಕಡೆಯ ಕರಿಯ ಬಿಳಿಯ ಪಟ್ಟೆಗಳ ನೈಸ್ ಕಲ್ಲಾದರೋ ಮುನ್ನೂರು ಕೋಟಿ ವರ್ಷಕ್ಕೂ ಹಿಂದಿನದು. ಅದು ನನ್ನ ಗೋಡೆಯ ಕಾಲದಲ್ಲಿ ಕರಗುವ ಭಯವಿಲ್ಲ.

2020ರಲ್ಲಿ ರೋಗದ ದೆಸೆಯಿಂದ ಯಾವ ಕೆಲಸವೂ ಸಾಗಲಿಲ್ಲ. ಬಿದ್ದ ಗೋಡೆಗೆ ತಾಡಪಾಲು ಹೊದಿಸಿ ಆ ಮಳೆಗಾಲವನ್ನು ಕಳೆದೆವು. 2021ರ ಜನವರಿಯಲ್ಲಿ ಜಲ್ಲಿಗೆ ಹೇಳಿ ಕಳುಹಿಸಿದೆ. ಆ ತಿಂಗಳ 21ರ ರಾತ್ರಿ ಮನೆಯ ಕಿಟಕಿಗಳು ಒಮ್ಮೆ ಗಡಗಡನೆ ನಡುಗಿದವು. ಭೂಕಂಪವೆಂದು ಎದ್ದು ಅಂಗಳಕ್ಕೆ ಬಂದೆವು. ಶಿವಮೊಗ್ಗದ ಬಳಿಯ ಹುಣಸೋಡಿನಲ್ಲಿ, ಕಲ್ಲುಗಣಿಯ ಹತ್ತಿರ, ಲಾರಿಯಲ್ಲಿದ್ದ ಸಿಡಿಮದ್ದು ಸ್ಫೋಟಗೊಂಡು ಕೂಲಿಕಾರರು ಸತ್ತರೆಂಬುದು ಬೆಳಿಗ್ಗೆ ತಿಳಿಯಿತು. ನಾಲ್ಕು ದಿನದ ಮೇಲೆ ನನ್ನ ಜಲ್ಲಿ ಬೇರೆ ಕಡೆಯಿಂದ ಬಂತು. ಅದನ್ನು ತೊಳೆಯುವಾಗ ಒಂದು ಬುಟ್ಟಿಯನ್ನೂ ಚೆಲ್ಲಲು ಮನಸ್ಸು ಬರಲಿಲ್ಲ. ಬೇಕಾದಷ್ಟನ್ನೇ ತರಿಸಬೇಕು, ತರಿಸಿದ್ದು ಎರಡನೆಯ ಸಲ ಬೇಡವಾಗುವಂತೆ ಹಾಕಬೇಕು ಎಂಬ ಹಠ ನನಗೆ ಅಂದಿನಿಂದ.

ಗೋಡೆಯ ಬುಡದಲ್ಲಿ, ತೂತುಗಳನ್ನು ಕೆಳಮುಖ ಮಾಡಿ, ನೂರಡಿಗೆ ಒಂದಡಿಯ ಇಳಿಜಾರಿನಲ್ಲಿ ಕೊಳವೆ ಇಟ್ಟೆವು. ಅದರ ಸುತ್ತ, ಮೇಲೆ, ಒಂದೂವರೆ ಅಡಿ ದಪ್ಪಕ್ಕೆ ತೊಳೆದ 20 ಮಿಲ್ಲಿಮೀಟರಿನ ಜಲ್ಲಿ. ನೆತ್ತಿಗೆ ಮಾತ್ರ ಗೇಣುದ್ದ ಜೇಡಿಮಣ್ಣು, ಬೆಟ್ಟದ ಮೇಲ್ನೀರು ಇಲ್ಲಿ ಇಳಿಯದಿರಲೆಂದು. ಆ ನೀರಿಗೆ ಧರೆಯ ಮೇಲೆ ಬೇರೆ ಅಗಳು. ಇಂಥ ಕಲ್ಲು ತುಂಬಿದ ಬಸಿಗಾಲುವೆಯನ್ನು ಇಂಗ್ಲಿಷಿನಲ್ಲಿ ‘ಫ್ರೆಂಚ್ ಡ್ರೇನ್’ ಎನ್ನುತ್ತಾರೆ. ಅದಕ್ಕೂ ಫ್ರಾನ್ಸಿಗೂ ಸಂಬಂಧವಿಲ್ಲ. ಹೊಲದ ನೀರು ಬಸಿಯುವ ವಿಧಾನಗಳನ್ನು ಕುರಿತು 1859ರಲ್ಲಿ ಪುಸ್ತಕ ಬರೆದ ಹೆನ್ರಿ ಫ್ಲ್ಯಾಗ್ ಫ್ರೆಂಚ್ ಎಂಬ ಅಮೆರಿಕದ ನ್ಯಾಯಾಧೀಶನ ಹೆಸರದು. ವಾಷಿಂಗ್‌ಟನ್ನಿನಲ್ಲಿ ಕುಳಿತಿರುವ ಲಿಂಕನ್ನನ ಭವ್ಯ ವಿಗ್ರಹವನ್ನು ರೂಪಿಸಿದ ಶಿಲ್ಪಿ ಅವನ ಮಗ. ಮಗನ ಕಲ್ಲನ್ನು ಲೋಕವೇ ನೋಡುತ್ತದೆ. ಅಪ್ಪನ ಕಲ್ಲು ಮಣ್ಣಿನಡಿಯಲ್ಲಿದೆ.

ಬಸಿದ ನೀರು ಎಲ್ಲಿಗಾದರೂ ಹೋಗಬೇಕಷ್ಟೆ. ನಮ್ಮಲ್ಲಿ ಅದು ಅಂಗಳದ ಪಕ್ಕದ ಓರೆಯಲ್ಲಿಳಿದು ಅಡಕೆ ತೋಟಕ್ಕೆ ಸೇರಬೇಕು. ಮಣ್ಣು ಕೊರೆಯದಿರಲೆಂದು ಆ ಓರೆಗೆ ತುಂಗಾ ನದಿಯ ನುಣ್ಣನೆಯ ಗುಂಡುಗಲ್ಲುಗಳನ್ನು ಹಾಸಿದೆ. ಸೌಂದರ್ಯದ ಚಪಲ ಇನ್ನೂ ಹೋಗಿರಲಿಲ್ಲ. ಮೊದಲ ದೊಡ್ಡ ಮಳೆಗೇ ಅವು ತೋಟದಲ್ಲಿ ಅಡಕೆಮರಗಳ ಬುಡದಲ್ಲಿದ್ದವು. ಹರಿವ ನೀರಿನ ವೇಗ ಇಮ್ಮಡಿಸಿದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಎರಡರಷ್ಟಲ್ಲ, ಅರವತ್ತನಾಲ್ಕರಷ್ಟಾಗುತ್ತದೆ. ನದಿ ಸಾವಿರಾರು ವರ್ಷ ಉರುಳಿಸಿ ಉರುಳಿಸಿ ದುಂಡಗೆ ಮಾಡಿದ ಕಲ್ಲಿಗೆ ಉರುಳುವುದಲ್ಲದೆ ಇನ್ನೇನು ಗೊತ್ತಿರುತ್ತದೆ? ಅಲ್ಲಿ ಬೇಕಾದದ್ದು ಆರರಿಂದ ಒಂಬತ್ತು ಅಂಗುಲದ, ಒಡೆದ, ಮೂಲೆಯುಳ್ಳ ಕಲ್ಲು. ಒಂದರ ಮೂಲೆ ಇನ್ನೊಂದರ ಸಂದಿಗೆ ಸಿಕ್ಕಿಕೊಂಡು ಕೂರುವಂಥದು. ಅದರ ಕೆಳಗೂ ಸಣ್ಣ ಜಲ್ಲಿಯ ಹಾಸು ಬೇಕು, ಇಲ್ಲವಾದರೆ ದೊಡ್ಡ ಸಂದುಗಳಿಂದ ಮಣ್ಣು ಜಾರಿ ಕಲ್ಲು ತಾನಾಗಿ ಕುಸಿಯುತ್ತದೆ. ನಮ್ಮ ಕೆರೆಗಳ ಏರಿಯ ಒಳಮೈಗೆ ಕಲ್ಲು ಹೊದಿಸಿದವರಿಗೆ ಇದೆಲ್ಲ ತಿಳಿದಿತ್ತು. ವಿಜಯನಗರದ ರಾಜಕುಮಾರ ಭಾಸ್ಕರನು 1369ರಲ್ಲಿ ಕಡಪೆ ಸೀಮೆಯ ಪೊರುಮಾಮಿಳ್ಳದಲ್ಲಿ ಹಾಕಿಸಿದ ಸಂಸ್ಕೃತ ಶಾಸನ ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಹೇಳುತ್ತದೆ; ಏರಿಯಿಂದ ನೀರು ಸೋರುವುದು ಆ ದೋಷಗಳಲ್ಲೊಂದು. ಕೆರೆಯ ಏರಿಗೆ ದೋಷವಾದದ್ದು ಹಿತ್ತಿಲ ಗೋಡೆಗೆ ಗುಣವಾಯಿತಲ್ಲ ಎಂದು ನಾನು ವಿನೋದಪಟ್ಟದ್ದುಂಟು. ನೀರನ್ನು ಹಿಡಿಯುವ ಕಟ್ಟಡ ಬೇರೆ, ಮಣ್ಣನ್ನು ಹಿಡಿಯುವ ಕಟ್ಟಡ ಬೇರೆ. ನಾನು ಒಂದರ ಆದರ್ಶವನ್ನು ಇನ್ನೊಂದಕ್ಕೆ ಹೊರಿಸಿದ್ದೆ.

ಹೊಸ ಗೋಡೆಯ ಮೊದಲ ಮುಂಗಾರಿನಲ್ಲಿ ಕೊಳವೆಯ ಬಾಯಿಂದ ಎರಡು ದಿನ ಕೆನ್ನೀರು ಬಂತು. ಮೂರನೆಯ ದಿನದಿಂದ ತಿಳಿ. ತಾಯಿ ಕೊಡೆ ಹಿಡಿದು ಬಂದು ಬೊಗಸೆಯೊಡ್ಡಿ ನೋಡಿ, ಏನೂ ಹೇಳದೆ ಒಳಗೆ ಹೋದರು. ಗೋಡೆಯಲ್ಲಿ ಈಗಲೂ ಆರು ಕೊಳವೆಗಳಿವೆ. ಆಷಾಢದಲ್ಲಿ ಐದು ಹನಿಯುತ್ತವೆ. ತೆಂಕಣ ಕೊನೆಯಲ್ಲಿ ತೊಳೆದ ಜಲ್ಲಿ ಸಾಲದೆ, ಇನ್ನೊಂದು ಲಾರಿಗೆ ಹೇಳಲು ಮನಸ್ಸಾಗದೆ, ಒಂದಾರು ಅಡಿಗೆ ಹಳೆಯ ಮಾಲನ್ನೇ ಜರಡಿ ಹಿಡಿದು ಹಾಕಿಸಿದ್ದೆ. ಅಲ್ಲಿಯ ಕೊಳವೆಯ ಬಾಯಿ ಈ ವರ್ಷವೂ ಒಣಗಿಯೇ ಇದೆ. ದೀಪಾವಳಿ ಕಳೆದ ಮೇಲೆ ಅದನ್ನು ಅಗೆಸಬೇಕು.