ಅಂಗಾತ ಈಜು: ತಪ್ಪು ತಲೆಯದು, ಮುಳುಗುವುದು ಕಾಲು

ಬೆನ್ನು ನೀರಿಗೆ, ಮುಖ ಆಕಾಶಕ್ಕೆ ಮಾಡಿ ಎರಡೂ ತೋಳುಗಳನ್ನು ಒಂದಾದ ಮೇಲೊಂದು ಹಿಂದಕ್ಕೆ ಬೀಸುತ್ತ ಸಾಗುವ ಈಜೇ ಬ್ಯಾಕ್‌ಸ್ಟ್ರೋಕ್. ಒಲಿಂಪಿಕ್ಸ್‌ಗೆ ಇದು ಬಂದದ್ದು 1900ರಲ್ಲಿ. ಕರ್ನಾಟಕದಲ್ಲಿ ಈ ಈಜಿನ ಮಾತು ಬಂದರೆ ಮೊದಲು ನೆನಪಾಗುವವರು ಬೆಂಗಳೂರಿನ ಶ್ರೀಹರಿ ನಟರಾಜ್. 2021ರ ಜೂನ್‌ನಲ್ಲಿ ರೋಮ್‌ನಲ್ಲಿ ಅವರು 100 ಮೀಟರ್ ದೂರವನ್ನು 53.77 ಸೆಕೆಂಡಿನಲ್ಲಿ ಮುಗಿಸಿದರು. ಟೋಕಿಯೊ ಒಲಿಂಪಿಕ್ಸ್‌ನ ನೇರ ಅರ್ಹತೆಗೆ ಬೇಕಿದ್ದದ್ದು 53.85.

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಹಳಬರಲ್ಲಿ ಬಹಳ ಮಂದಿ ಈಜು ಕಲಿತದ್ದು ತೋಟದ ಬಾವಿಯಲ್ಲಿ, ಊರ ಕೆರೆಯಲ್ಲಿ. ಬೆನ್ನಿಗೆ ಒಣಗಿದ ಸೋರೆ ಬುರುಡೆಯನ್ನೋ ಖಾಲಿ ಕ್ಯಾನನ್ನೋ ಕಟ್ಟಿಕೊಂಡು. ಹಾಗೆ ಕಲಿತವರಿಗೆ ನೀರಿನ ಭಯ ಇರುವುದಿಲ್ಲ, ಅದು ದೊಡ್ಡ ಬಂಡವಾಳ. ಆದರೆ ಬಾವಿ ಚಿಕ್ಕದು. ನಾಲ್ಕು ಸಲ ಕೈ ಬೀಸುವಷ್ಟರಲ್ಲಿ ಗೋಡೆ ಬರುತ್ತದೆ. ಗೋಡೆ ಎಲ್ಲಿದೆಯೆಂದು ನೋಡಲು ತಲೆ ಎತ್ತುವುದು ಅಲ್ಲಿ ರೂಢಿಯಾಗಿಬಿಡುತ್ತದೆ. ಕಿವಿಗೆ ನೀರು ಹೋದೀತೆಂಬ ಅಳುಕು ಈಜುಕೊಳದ ಹೊಸಬರಲ್ಲೂ ಅದನ್ನೇ ಮಾಡಿಸುತ್ತದೆ. ಬ್ಯಾಕ್‌ಸ್ಟ್ರೋಕ್ ಕೆಡುವುದು ಇಲ್ಲಿಂದಲೇ.

‘ನನ್ನ ಕಾಲು ಮುಳುಗುತ್ತದೆ, ಕಾಲಿನಲ್ಲಿ ಶಕ್ತಿ ಸಾಲದು’ ಎಂಬುದು ಕಲಿಯುವವರ ಸಾಮಾನ್ಯ ದೂರು. ಕಾರಣ ಕಾಲಿನಲ್ಲಿಲ್ಲ. ಗಾಳಿ ತುಂಬಿದ ಶ್ವಾಸಕೋಶ ಎದೆಯಲ್ಲಿರುವುದರಿಂದ ನೀರು ದೇಹವನ್ನು ಮೇಲಕ್ಕೆ ಒತ್ತುವ ಬಲದ ಕೇಂದ್ರವೂ ಎದೆಯ ಕಡೆಗೇ ಇರುತ್ತದೆ. ದೇಹದ ಗುರುತ್ವ ಕೇಂದ್ರ ಅದಕ್ಕಿಂತ ಕೆಳಗೆ, ಸೊಂಟದ ಕಡೆಗೆ ಇರುತ್ತದೆ. ಒಂದು ಬಲ ಎದೆಯನ್ನು ಎತ್ತುತ್ತದೆ, ಇನ್ನೊಂದು ಸೊಂಟವನ್ನು ಎಳೆಯುತ್ತದೆ. ಹಾಗಾಗಿ ಸುಮ್ಮನೆ ಮಲಗಿದರೂ ಕಾಲು ಕೆಳಗಿಳಿಯುವುದು ಸಹಜ. ಇದರ ಮೇಲೆ ತಲೆಯನ್ನೂ ಎತ್ತಿದರೆ ಎರಡು ಕೆಡುಕು ಒಟ್ಟಿಗೆ ಆಗುತ್ತವೆ. ನೀರು ಹೊತ್ತುಕೊಂಡಿದ್ದ ನಾಲ್ಕೈದು ಕಿಲೋ ತೂಕದ ತಲೆ ಹೊರಬಂದು, ಆ ಭಾರ ಉಳಿದ ದೇಹದ ಮೇಲೆ ಬೀಳುತ್ತದೆ. ತಲೆ ಎತ್ತಲು ಹೊಟ್ಟೆಯ ಸ್ನಾಯುಗಳು ಬಿಗಿಯುವುದರಿಂದ ಸೊಂಟ ಮಡಚಿ, ಈಜುಗಾರ ಕುರ್ಚಿಯಲ್ಲಿ ಕೂತಂತೆ ಆಗುತ್ತಾನೆ. ಕೂತ ದೇಹಕ್ಕೆ ನೀರಿನ ಅಡ್ಡಿ ಹೆಚ್ಚು. ಆಗ ಕಾಲನ್ನು ಎಷ್ಟು ಜೋರಾಗಿ ಬಡಿದರೂ ಸುಸ್ತೇ ಹೊರತು ಮುಂದೆ ಸಾಗುವುದು ಕಡಿಮೆ.

ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಎದೆಮಟ್ಟದ ನೀರಿನಲ್ಲಿ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು, ಕೈಗಳನ್ನು ತೊಡೆಗೆ ಅಂಟಿಸಿ ಅಂಗಾತ ತೇಲಬೇಕು; ಕಾಲು ಮೆಲ್ಲಗೆ ಇಳಿಯುತ್ತದೆ. ಈಗ ಎರಡೂ ಕೈಗಳನ್ನು ನೀರಿನ ಮಟ್ಟದಲ್ಲೇ ಸರಿಸಿ ತಲೆಯ ಹಿಂದಕ್ಕೆ ಚಾಚಿದರೆ ಇಳಿದ ಕಾಲು ಮತ್ತೆ ಮೇಲೇಳತೊಡಗುತ್ತದೆ. ತೋಳಿನ ತೂಕ ತಲೆಯ ಕಡೆಗೆ ಸರಿದು ಎರಡು ಕೇಂದ್ರಗಳ ನಡುವಿನ ಅಂತರ ಕಿರಿದಾಯಿತು, ಅಷ್ಟೆ. ಒಮ್ಮೆ ಇದನ್ನು ಮೈಯಲ್ಲಿ ಅನುಭವಿಸಿದವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ!

ತಲೆಯ ಸರಿಯಾದ ಜಾಗ ಎಂದರೆ ಕಿವಿ ನೀರಿನೊಳಗೆ, ನೋಟ ನೇರ ಮೇಲಕ್ಕೆ, ಕತ್ತು ಸಡಿಲ. ಅರ್ಧ ನೀರು ತುಂಬಿದ ಪ್ಲಾಸ್ಟಿಕ್ ಲೋಟವನ್ನು ಹಣೆಯ ಮೇಲಿಟ್ಟುಕೊಂಡು ಈಜುವುದು ತರಬೇತುದಾರರ ಹಳೆಯ ಅಭ್ಯಾಸ. ಮೊದಮೊದಲು ಲೋಟ ಬೀಳುತ್ತಲೇ ಇರುತ್ತದೆ. ಬೀಳದೆ ಕೊಳದ ತುದಿ ಮುಟ್ಟಿದ ದಿನ ಈಜು ಅರ್ಧ ಸುಧಾರಿಸಿದಂತೆ.

ತಲೆ ಅಲುಗಬಾರದು ಎಂದರೆ ಹೆಗಲೂ ಅಲುಗಬಾರದು ಎಂದಲ್ಲ. ಪ್ರತಿ ಬೀಸಿಗೂ ಹೆಗಲು, ಸೊಂಟ ಎರಡೂ ಆಯಾ ಮಗ್ಗುಲಿಗೆ ಹೊರಳಬೇಕು. ಕಿರುಬೆರಳು ಮೊದಲಾಗಿ ಕೈ ಹೆಗಲಿನ ನೇರದಲ್ಲಿ ನೀರಿಗಿಳಿಯಬೇಕು. ತಲೆಯ ಹಿಂದೆ ನಡುಗೆರೆ ದಾಟಿ ಇಳಿದರೆ ದೇಹ ಹಾವಿನಂತೆ ಅಂಕುಡೊಂಕಾಗುತ್ತದೆ. ನೀರೊಳಗೆ ತೋಳನ್ನು ನೆಟ್ಟಗೆ ಇಟ್ಟು ಎಳೆಯುವುದು ಇನ್ನೊಂದು ತಪ್ಪು. ಮೊಣಕೈ ಸುಮಾರು 90 ಡಿಗ್ರಿ ಮಡಚಿ, ಅಂಗೈಯಿಂದ ನೀರನ್ನು ಪಾದದ ಕಡೆಗೆ ತಳ್ಳುತ್ತ ತೊಡೆಯ ಬಳಿ ಮುಗಿಸಬೇಕು. ಕಾಲಿನ ಬಡಿತ ಸೊಂಟದಿಂದ ಹೊರಡಲಿ. ಮೊಣಕಾಲು ನೀರಿನ ಮೇಲೆ ಕಂಡರೆ ಅದು ಸೈಕಲ್ ತುಳಿತ. ಒಂದು ತೋಳು ಬೀಸುವಾಗ ಉಸಿರು ಒಳಕ್ಕೆ, ಇನ್ನೊಂದಕ್ಕೆ ಹೊರಕ್ಕೆ.

ಗೋಡೆಗೆ ತಲೆ ಬಡಿಯದಂತೆ ಈಜುಕೊಳದ ಎರಡೂ ತುದಿಗಳಲ್ಲಿ, ಗೋಡೆಯಿಂದ 5 ಮೀಟರ್ ಈಚೆಗೆ ಬಾವುಟಗಳ ಸಾಲು ಕಟ್ಟಿರುತ್ತಾರೆ. ಅಲ್ಲಿಂದ ಗೋಡೆಗೆ ಎಷ್ಟು ಬೀಸು ಎಂದು ಎಣಿಸಿಟ್ಟುಕೊಂಡವರು ತಿರುಗಿ ನೋಡುವುದಿಲ್ಲ. ಬಾವುಟವಿಲ್ಲದ ಕೊಳದಲ್ಲಿ ಒಂದು ಹಗ್ಗಕ್ಕೆ ಬಣ್ಣದ ಬಟ್ಟೆ ಕಟ್ಟಿದರೂ ಸಾಕು. ಗೋಡೆಯನ್ನು ಒದ್ದು ಹೊರಟ ಮೇಲೆ ನೀರಡಿಯಲ್ಲಿ ಸಾಗುವುದಕ್ಕೂ ಒಂದು ನಿಯಮವಿದೆ. 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಡೈಚಿ ಸುಜುಕಿ, ಅಮೆರಿಕದ ಡೇವಿಡ್ ಬರ್ಕಾಫ್ ನೀರಡಿಯಲ್ಲೇ ಬಹುದೂರ ಸಾಗಿ ಚಿನ್ನ, ಬೆಳ್ಳಿ ಗೆದ್ದ ಮೇಲೆ ಆ ದೂರಕ್ಕೆ ಮಿತಿ ಬಂತು. ಈಗ ಅದು 15 ಮೀಟರ್.

ಈ ಈಜಿನಲ್ಲಿ ಮುಂದೇನಿದೆಯೆಂದು ಕಾಣುವುದಿಲ್ಲ. ಆದ್ದರಿಂದ ಗುಬ್ಬಿಯ ಕಡೆ ಹಾಯುವ ಹೇಮಾವತಿ ನಾಲೆ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ಇದರ ಅಭ್ಯಾಸಕ್ಕೆ ತಕ್ಕ ಜಾಗಗಳಲ್ಲ. ಕಾವಲಿಗೆ ಜನರಿರುವ ಈಜುಕೊಳವೇ ಬೇಕು.

ನೀರು ದೇಹವನ್ನು ಮೇಲಕ್ಕೆ ಒತ್ತುವುದನ್ನು ವಿವರಿಸುವ ಆರ್ಕಿಮಿಡೀಸ್ ತತ್ವ ಪ್ರೌಢಶಾಲೆಯ ವಿಜ್ಞಾನ ಪಾಠದಲ್ಲೇ ಇದೆ. ವಿಜ್ಞಾನದ ಮೇಷ್ಟ್ರು, ದೈಹಿಕ ಶಿಕ್ಷಣದ ಮೇಷ್ಟ್ರು ಇಬ್ಬರೂ ಸೇರಿ ವರ್ಷಕ್ಕೊಮ್ಮೆಯಾದರೂ ಆ ಪಾಠವನ್ನು ಈಜುಕೊಳದಲ್ಲಿ ಮಾಡಲಿ; ಕೈ ಚಾಚಿದಾಗ ಕಾಲು ಏಕೆ ಮೇಲೇಳುತ್ತದೆಂದು ಮಕ್ಕಳೇ ಲೆಕ್ಕ ಹಾಕಿ ಹೇಳಲಿ.