ಮುಂಡಗೋಡ ಕ್ಯಾಂಪಿನ ಉದ್ರಿ ಲೆಕ್ಕ

ಕೋಲಸಿರ್ಸಿಯಿಂದ ಯಲ್ಲಾಪುರದವರೆಗೆ ಚಳಿಗಾಲದಲ್ಲಿ ಪೆಟ್ಟಿಗೆಯಿಂದ ಹೊರಬರುವ ಸ್ವೆಟರುಗಳಲ್ಲಿ ಟಿಬೆಟಿಯನ್ನರಿಂದ ಕೊಂಡವೂ ಇರುತ್ತವೆ. ಅವರೇ ಕೂತು ಹೆಣೆದದ್ದು ಎಂಬ ನಂಬಿಕೆಯೂ ಅವುಗಳ ಜೊತೆಗೇ ಮನೆ ಸೇರಿದೆ. ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನ ಪುಟ್ಟ ಅಂಗಡಿಯೊಂದರಲ್ಲಿ ಆ ಮಾತು ತೆಗೆದರೆ ಮಾಲಕಿ ಜೋರಾಗಿ ನಗುತ್ತಾರೆ. "ಎಲ್ಲಿಯ ಹೆಣಿಗೆ ಅಣ್ಣಾ? ಎಲ್ಲಾ ಲೂಧಿಯಾನದ ಮಾಲು!"

ಇಲ್ಲೇ ಹುಟ್ಟಿ ಬೆಳೆದ ಇವರ ಕನ್ನಡಕ್ಕೆ ಮುಂಡಗೋಡ ಸಂತೆಯ ಧಾಟಿಯಿದೆ. ಕಪಾಟಿನಲ್ಲಿ ಊದುಬತ್ತಿ, ಪ್ರಾರ್ಥನಾ ಧ್ವಜ, ನೂಡಲ್ಸ್ ಪೊಟ್ಟಣ. ಹಿಂದಿನ ಕೋಣೆಯಲ್ಲಿ ಸೊಸೆ ಮೊಮೊ ಮಡಚುತ್ತಿದ್ದಾರೆ. ಈ ಅಂಗಡಿ ವರ್ಷವಿಡೀ ನಡೆಯುತ್ತದೆ, ಆದರೆ ಮನೆ ನಡೆಯುವುದು ಸ್ವೆಟರಿನಿಂದ.

ಆ ವ್ಯಾಪಾರದ ಬಗೆ ಕೇಳಿದಷ್ಟೂ ಸೋಜಿಗ. ದೀಪಾವಳಿಯ ಹೊತ್ತಿಗೆ ಮನೆಯ ಅರ್ಧ ಜನ ಅಹಮದಾಬಾದಿಗೆ ಹೊರಡುತ್ತಾರೆ. ಲೂಧಿಯಾನದ ಸಗಟು ವ್ಯಾಪಾರಿಗೆ ಸ್ವಲ್ಪ ಮುಂಗಡ ಕೊಟ್ಟರೆ ಸಾಕು, ಮಾಲು ಲಾರಿ ಹತ್ತುತ್ತದೆ. ಉಳಿದ ಹಣ ಚಳಿ ಮುಗಿದ ಮೇಲೆ. ಚಳಿಯೇ ಬೀಳದೆ ಮಾಲು ಉಳಿದರೆ? "ಚಿನ್ನ ಅಡವಿಟ್ಟಾದ್ರೂ ಕೊಡಬೇಕು. ನಾವು ಬಾಕಿ ಇಟ್ರೆ ಕ್ಯಾಂಪಿನ ಬೇರೆಯವ್ರಿಗೂ ಮಾಲು ಸಿಗೋದಿಲ್ಲ."

ಕೊಯ್ಲಿಗೆ ಮೊದಲೇ ದಲಾಲಿ ಅಂಗಡಿಯಿಂದ ಮುಂಗಡ ಎತ್ತಿದ ಶಿರಸಿ, ಸಿದ್ದಾಪುರದ ಅಡಿಕೆ ಬೆಳೆಗಾರರಿಗೆ ಈ ಉದ್ರಿಯ ಲೆಕ್ಕ ಅರ್ಥವಾದೀತು. ಆದರೆ ಬೆಳೆಗಾರನ ಬೆನ್ನಿಗೆ ತೋಟವಿದೆ. ಕ್ಯಾಂಪಿನವರು ಉಳುವ ಭೂಮಿ ಅವರ ಸ್ವಂತದ್ದಲ್ಲ. ಸಾಲಕ್ಕೆ ಆಧಾರ ಕೊಟ್ಟ ಮಾತು, ಅದೂ ಇಡೀ ಕ್ಯಾಂಪಿನ ಪರವಾಗಿ. ಕೈಹೆಣಿಗೆಯ ಕಥೆಗಿಂತ ಈ ಶಿಸ್ತೇ ಹೆಚ್ಚು ಬೆಲೆಯದು.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ, ಟಿಬೆಟಿಯನ್ ನಿರಾಶ್ರಿತರಿಗೆ ಜಾಗ ಕೊಡಲು ಮುಂದಾದ ರಾಜ್ಯಗಳಲ್ಲಿ ಮೈಸೂರು ಮುಖ್ಯವಾದುದು. ಮೊದಲು ಬೈಲಕುಪ್ಪೆ, 1966ರಲ್ಲಿ ಮುಂಡಗೋಡ. ಸುಮಾರು 4,000 ಎಕರೆಯ ಈ ನೆಲೆಗೆ ದೋಗುಲಿಂಗ್ ಎಂದು ಹೆಸರು. ಬಂಗಾಳದ ಬಕ್ಸಾ ಶಿಬಿರದಲ್ಲಿದ್ದ ಡ್ರೆಪುಂಗ್, ಗಾಂಡೆನ್ ಮಠಗಳ ಭಿಕ್ಷುಗಳೂ ಇಲ್ಲಿಗೆ ಬಂದರು. ಕಾಡು ಕಡಿದು ಮೆಕ್ಕೆಜೋಳ ಬಿತ್ತಿದರು. ಮಳೆ ನಂಬಿದ ಬೆಳೆ ಹೊಟ್ಟೆಗೆ ಸಾಲದಾದಾಗ ಕೆಲವರು ಜಮಖಾನೆ ನೇಯ್ದರು, ಹಲವರು ಸ್ವೆಟರ್ ಗಂಟು ಹೊತ್ತರು.

ನೆಲ ಬಿಟ್ಟು ಹೋದವರು ಅಂಗಡಿಯಿಂದಲೇ ಬೇರೂರಿದ ಉದಾಹರಣೆ ಬೇರೆಡೆಯೂ ಇದೆ. ಉತ್ತರ ಇಟಲಿಯ ಗುಡ್ಡಗಾಡಿನ ಬಾರ್ದಿಯಿಂದ ಹೊರಟ ಕುಟುಂಬಗಳು ವೇಲ್ಸಿನ ಕಲ್ಲಿದ್ದಲು ಊರುಗಳಲ್ಲಿ ಕೆಫೆ, ಐಸ್‌ಕ್ರೀಂ ಅಂಗಡಿ ತೆರೆದವು. ಮೊದಲು ಹೋದವರು ಊರಿನ ಹುಡುಗರನ್ನು ಕೆಲಸಕ್ಕೆ ಕರೆಸಿಕೊಂಡರು. ಅವರಿಗೆ ಮರಳಲು ಬಾರ್ದಿ ಇತ್ತು. ಮುಂಡಗೋಡದವರಿಗೆ ಲ್ಹಾಸಾ ಹಾಗಿಲ್ಲ.

ಟಿಬೆಟಿಯನ್ನರಿಗೆ ಭೂಮಿಯ ಗುತ್ತಿಗೆ ಪತ್ರ, ವ್ಯಾಪಾರದ ಪರವಾನಗಿ ಸಿಗಲೆಂದು ಕೇಂದ್ರ ಸರ್ಕಾರ ಪುನರ್ವಸತಿ ನೀತಿ ತಂದದ್ದು 2014ರಲ್ಲಿ, ಮುಂಡಗೋಡಕ್ಕೆ ಜನ ಬಂದು ಸುಮಾರು ಐದು ದಶಕ ಕಳೆದ ಮೇಲೆ. ಅಷ್ಟರಲ್ಲಿ ಹೊಸ ತಲೆಮಾರು ಬೆಂಗಳೂರಿನತ್ತ, ಅಮೆರಿಕ, ಯುರೋಪಿನತ್ತ ಮುಖ ಮಾಡಿತ್ತು. ಈ ಅಂಗಡಿಯ ಮಗನೂ ಬೆಂಗಳೂರಿನ ಕಂಪನಿಯೊಂದರಲ್ಲಿದ್ದಾನೆ. ಅಹಮದಾಬಾದಿಗೆ ಈ ಸಲ ಅತ್ತೆ, ಸೊಸೆ ಇಬ್ಬರೇ ಹೊರಡುತ್ತಾರೆ. ಲೂಧಿಯಾನಕ್ಕೆ ಮುಂಗಡ ಆಗಲೇ ಹೋಗಿದೆ.